ಬೆಳಕಿನಿಂದ ನೀರನ್ನು ಒಡೆಯುವಾಗ ಆಮ್ಲಜನಕವೇ ಏಕೆ ಕಷ್ಟ?

ಪ್ರಶ್ನೆ: ಟೈಟಾನಿಯಂ ಡೈಆಕ್ಸೈಡ್ ಪುಡಿಯನ್ನು ನೀರಿನಲ್ಲಿ ಕದಡಿ ಬಿಸಿಲಿಗಿಟ್ಟರೆ ಆಮ್ಲಜನಕ ಬರುತ್ತದೆಂದು ಓದಿದ್ದೇನೆ. ಇದು ನಿಜವೆ? ಜಲಜನಕಕ್ಕಿಂತ ಆಮ್ಲಜನಕವನ್ನು ಪಡೆಯುವುದೇ ಕಷ್ಟವೆನ್ನುವುದೇಕೆ?

ಉತ್ತರ: ತತ್ತ್ವ ನಿಜ, ಆದರೆ ಪುಡಿ ಮತ್ತು ಬಿಸಿಲು ಇವೆರಡರಿಂದಲೇ ಕೆಲಸವಾಗದು. ಜಪಾನಿನ ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೋಂಡಾ 1972ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೆಳಕು ಬಿದ್ದ ಟೈಟಾನಿಯಂ ಡೈಆಕ್ಸೈಡ್ ವಿದ್ಯುದ್ವಾರದಲ್ಲಿ ಆಮ್ಲಜನಕವೂ, ತಂತಿಯಿಂದ ಅದಕ್ಕೆ ಜೋಡಿಸಿದ್ದ ಪ್ಲಾಟಿನಂ ವಿದ್ಯುದ್ವಾರದಲ್ಲಿ ಜಲಜನಕವೂ ಹೊಮ್ಮಿದವು. ಆದರೆ ಈ ವಸ್ತು ಹೀರುವುದು ಮುಖ್ಯವಾಗಿ ಸುಮಾರು 400 ನ್ಯಾನೋಮೀಟರ್‌ಗಿಂತ ಕಿರಿದಾದ ಅಲೆಗಳನ್ನು, ಅಂದರೆ ನೇರಳಾತೀತ ಕಿರಣಗಳನ್ನು. ಬಿಸಿಲಿನ ಶಕ್ತಿಯಲ್ಲಿ ಅವುಗಳ ಪಾಲು ತೀರ ಸಣ್ಣದು.

ಇನ್ನು ಎರಡನೆಯ ಪ್ರಶ್ನೆ. ಟೈಟಾನಿಯಂ ಡೈಆಕ್ಸೈಡ್‌ನಂತಹ ಅರೆವಾಹಕವು (ಸೆಮಿಕಂಡಕ್ಟರ್) ಬೆಳಕನ್ನು ಹೀರಿದಾಗ ಎಲೆಕ್ಟ್ರಾನ್ ಮೇಲಿನ ಶಕ್ತಿಪಟ್ಟಿಗೆ ಏರಿ, ಕೆಳಗೆ ‘ರಂಧ್ರ’ವೆಂದು ಕರೆಯುವ ಖಾಲಿ ಸ್ಥಾನ ಉಳಿಯುತ್ತದೆ. ಆ ರಂಧ್ರವೇ ನೀರಿನಿಂದ ಎಲೆಕ್ಟ್ರಾನನ್ನು ಕಸಿದುಕೊಳ್ಳುವುದು. ಜಲಜನಕದ ಒಂದು ಅಣುವಿಗೆ ಎರಡು ಎಲೆಕ್ಟ್ರಾನ್ ಸಾಕು. ಆಮ್ಲಜನಕದ ಒಂದು ಅಣುವಿಗಾದರೋ ಎರಡು ನೀರಿನ ಅಣುಗಳಿಂದ ನಾಲ್ಕು ಎಲೆಕ್ಟ್ರಾನ್‌ಗಳನ್ನು ಕಿತ್ತು, ಎರಡು ಆಮ್ಲಜನಕ ಪರಮಾಣುಗಳ ನಡುವೆ ಹೊಸ ಬಂಧವನ್ನೂ ಬೆಸೆಯಬೇಕು. ಅಷ್ಟರೊಳಗೆ ಹೆಚ್ಚಿನ ರಂಧ್ರಗಳು ಎಲೆಕ್ಟ್ರಾನ್‌ಗಳೊಡನೆ ಮತ್ತೆ ಕೂಡಿ, ಹೀರಿದ ಶಕ್ತಿಯೆಲ್ಲ ಬರಿಯ ಶಾಖವಾಗಿ ಹೋಗುತ್ತದೆ. ಹಸಿರು ಎಲೆಯು ನಾಲ್ಕು ಮ್ಯಾಂಗನೀಸ್ ಮತ್ತು ಒಂದು ಕ್ಯಾಲ್ಸಿಯಂ ಪರಮಾಣುಗಳಿರುವ ಗುಚ್ಛವೊಂದರಲ್ಲಿ ಈ ನಾಲ್ಕು ಹಂತಗಳನ್ನು ಒಂದೊಂದಾಗಿ ಕೂಡಿಟ್ಟುಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಅದೇ ಕೆಲಸಕ್ಕಾಗಿ ಅರೆವಾಹಕದ ಮೇಲ್ಮೈಗೆ ಕೋಬಾಲ್ಟ್ ಅಥವಾ ಇರಿಡಿಯಂ ಸಂಯುಕ್ತಗಳನ್ನು ಸಹ-ವೇಗವರ್ಧಕಗಳಾಗಿ, ಅಂದರೆ ಕ್ರಿಯೆಯನ್ನು ಚುರುಕುಗೊಳಿಸುವ ನೆರವಿನ ವಸ್ತುಗಳಾಗಿ, ಲೇಪಿಸುತ್ತಾರೆ.

ಗೋಚರ ಬೆಳಕಿನಲ್ಲೂ ಆಮ್ಲಜನಕ ಕೊಡುವ ವಸ್ತುಗಳಿವೆ. ಹಳದಿ ಬಣ್ಣದ ಬಿಸ್ಮತ್ ವೆನೆಡೇಟ್ ಅಂಥದ್ದು, ಆದರೆ ಅದರ ಎಲೆಕ್ಟ್ರಾನ್‌ಗಳಿಗೆ ಜಲಜನಕವನ್ನು ಬಿಡಿಸುವಷ್ಟು ಶಕ್ತಿಯಿಲ್ಲ. ಆದ್ದರಿಂದ ಪರೀಕ್ಷೆಯ ವೇಳೆ ಸಿಲ್ವರ್ ನೈಟ್ರೇಟ್ ಬೆರೆಸಿ, ಆ ಎಲೆಕ್ಟ್ರಾನ್‌ಗಳನ್ನು ಬೆಳ್ಳಿಯ ಅಯಾನುಗಳಿಗೆ ಒಪ್ಪಿಸುವುದು ರೂಢಿ. ಅಲ್ಲಿ ಬರುವ ಆಮ್ಲಜನಕ ನಿಜವಾದರೂ ಅದು ಅರ್ಧ ಕ್ರಿಯೆಯಷ್ಟೆ, ಬೆಳ್ಳಿಯ ಲವಣವೂ ಖರ್ಚಾಗುತ್ತ ಹೋಗುತ್ತದೆ; ಇದನ್ನೇ ‘ನೀರು ಒಡೆಯಿತು’ ಎಂದು ಬಣ್ಣಿಸುವ ವರದಿಗಳನ್ನು ನಾನು ಅನುಮಾನದಿಂದಲೇ ಓದುತ್ತೇನೆ. ನೀರು ಪೂರ್ತಿ ಒಡೆದಿದ್ದರೆ ಜಲಜನಕ, ಆಮ್ಲಜನಕಗಳು 2:1 ಪ್ರಮಾಣದಲ್ಲಿರಬೇಕು. ಆಮ್ಲಜನಕವು ಗಾಳಿಯಿಂದ ನುಸುಳಿದ್ದಲ್ಲವೆಂದು ಸಾಧಿಸಲು ಆಮ್ಲಜನಕ-18 ಎಂಬ, ಸಾಮಾನ್ಯ ಆಮ್ಲಜನಕಕ್ಕಿಂತ ಭಾರವಾದ ಸಮಸ್ಥಾನಿಯಿರುವ (ಐಸೊಟೋಪ್) ನೀರನ್ನು ಬಳಸುವುದುಂಟು.

ಜಪಾನಿನ ಕಜುನಾರಿ ಡೋಮೆನ್ ತಂಡವು ಅಲ್ಯೂಮಿನಿಯಂ ಬೆರೆಸಿದ ಸ್ಟ್ರಾನ್ಶಿಯಂ ಟೈಟನೇಟ್‌ನಿಂದ ನೀರನ್ನು ಪೂರ್ತಿಯಾಗಿ ಒಡೆದು, 2021ರಲ್ಲಿ 100 ಚದರ ಮೀಟರಿನ ಫಲಕ ವ್ಯವಸ್ಥೆಯನ್ನು ವರದಿ ಮಾಡಿತು. ಬಿಸಿಲಿನ ಶಕ್ತಿಯಲ್ಲಿ ಜಲಜನಕವಾಗಿ ದಕ್ಕಿದ್ದು ಗರಿಷ್ಠ ಶೇ 0.76. ಆಮ್ಲಜನಕವಷ್ಟೇ ಬೇಕಿದ್ದರೆ, ಸದ್ಯಕ್ಕೆ ಸೌರಫಲಕದ ವಿದ್ಯುತ್ತಿನಿಂದ ನೀರನ್ನು ವಿಭಜಿಸುವುದೇ ಮೇಲು; ಅಲ್ಲಿ ಎರಡು ಅನಿಲಗಳೂ ಬೇರೆಬೇರೆಯಾಗಿಯೇ ಹೊರಬರುತ್ತವೆ, ಪುಡಿಯ ವಿಧಾನದಲ್ಲಾದರೆ ಒಟ್ಟಿಗೇ ಬರುವ ಆ ಮಿಶ್ರಣವು ಕಿಡಿ ತಾಗಿದರೆ ಸ್ಫೋಟಿಸುವಂಥದ್ದು.