ಕಥೆ ಪುಸ್ತಕ ಓದಿದವರು ಕಲ್ಯಾಣಿ ಉಳಿಸಬಹುದಾ?

ಪ್ರಶ್ನೆ: ಅಕ್ಕಾ, ನಮ್ಮದು ಪಾಂಡವಪುರದ ಹತ್ತಿರದ ಹಳ್ಳಿ, ಕೆಲಸ ಮೈಸೂರಲ್ಲಿ. ಚಿಕ್ಕವನಿದ್ದಾಗ ಶಾಲೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಸಿಕ್ಕ ಒಂದು ಕಥೆ ಪುಸ್ತಕ ಅಂದರೆ ನನಗೆ ಪ್ರಾಣ. ಮಕ್ಕಳೆಲ್ಲ ಸೇರಿ ಊರ ಕೊಳ ಉಳಿಸಿಕೊಳ್ಳುವ ಕಥೆ ಅದು. ನಮ್ಮೂರ ಕಲ್ಯಾಣಿ ಈಗ ಹೂಳು, ಪ್ಲಾಸ್ಟಿಕ್ ತುಂಬಿ ಬಿದ್ದಿದೆ. ಸರಿ ಮಾಡೋಣ ಅಂದರೆ ‘ಕಥೆ ಓದ್ಕೊಂಡು ಕೊಳ ತೋಡಕ್ಕೆ ಬಂದ’ ಅಂತ ನಗ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಗಲಿ ಬಿಡಿ. ಆದರೆ ಆ ಪುಸ್ತಕ ಓದಿದ್ದು ನೀವು, ಅವರಲ್ಲ, ಅದನ್ನು ಮರೀಬೇಡಿ. ಪುಸ್ತಕ ನಿಮ್ಮನ್ನು ಎಬ್ಬಿಸುತ್ತದೆ, ಊರನ್ನು ಎಬ್ಬಿಸುವುದಿಲ್ಲ.

ಮೈಸೂರಲ್ಲೇ ಇದ್ದೀರಿ, ಯಾದವಗಿರಿಯ ಆರ್. ಕೆ. ನಾರಾಯಣ್ ಮನೆ ನೋಡಿರಬೇಕು. 2011ರಲ್ಲಿ ಅದನ್ನು ಕೆಡವುವುದಕ್ಕೆ ಶುರು ಮಾಡಿಯಾಗಿತ್ತು. ಸುದ್ದಿ ಪೇಪರಿನಲ್ಲಿ ಬಂತು, ಅವರ ಕಥೆಗಳನ್ನು ಓದಿ ಬೆಳೆದವರೆಲ್ಲ ದನಿ ಎತ್ತಿದರು, ಕೆಲಸ ನಿಂತಿತು, ಕೊನೆಗೆ 2016ರಲ್ಲಿ ಅದು ಮ್ಯೂಸಿಯಂ ಆಯಿತು. ಇಷ್ಟು ಎಲ್ಲರಿಗೂ ಗೊತ್ತು. ಆಗ ಕನ್ನಡದ ಕೆಲವು ಹಿರಿಯ ಸಾಹಿತಿಗಳೇ, ಇಂಗ್ಲಿಷಿನಲ್ಲಿ ಬರೆದವರ ಮನೆಗೆ ಸರ್ಕಾರದ ದುಡ್ಡು ಯಾಕೆ ಅಂತ ಕೇಳಿದ್ದು ಮಾತ್ರ ಜಾಸ್ತಿ ಜನಕ್ಕೆ ನೆನಪಿಲ್ಲ. ಒಬ್ಬರ ಬಾಲ್ಯದ ಪುಸ್ತಕ ಇನ್ನೊಬ್ಬರಿಗೆ ಬರೀ ಕಾಗದ, ಅಲ್ವಾ?

ಅದಕ್ಕೇ ಪುಸ್ತಕದ ಮಾತು ಸದ್ಯಕ್ಕೆ ಬೇಡ. ಹೋಗಿ ಕಲ್ಯಾಣಿಯಲ್ಲಿ ಈಜು ಕಲಿತವರನ್ನು, ಹಬ್ಬಕ್ಕೆ ನೀರು ತಂದ ಅಜ್ಜಿಯರನ್ನು ಮಾತಾಡಿಸಿ. ನಾಲೆ ಬಂತು, ಬೋರ್‌ವೆಲ್ ಬಂತು, ಕಲ್ಯಾಣಿ ಯಾರಿಗೂ ಬೇಡವಾಯಿತು. ಬೇಡವಾದ ಜಾಗ ಕಸದ ಗುಂಡಿಯಾಗುವುದು ಸಹಜ. ಹಾಗಾಗಿ ಹೂಳು ತೆಗೆದ ಮೇಲೆ ಯಾರು ಯಾತಕ್ಕೆ ಬಳಸ್ತಾರೆ ಅನ್ನೋದು ಮೊದಲೇ ತೀರ್ಮಾನವಾಗಲಿ. ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ ಮಕ್ಕಳ ಪುಸ್ತಕದ ಸಂಪಾದನೆಯಿಂದ 1905ರಲ್ಲಿ ಒಂದು ಫಾರ್ಮ್ ಕೊಂಡರು, ಹಾಗೇ ಕೊಳ್ಳುತ್ತಾ ಹೋಗಿ 1943ರಲ್ಲಿ ತೀರಿಕೊಂಡಾಗ ಸುಮಾರು 4,000 ಎಕರೆಯನ್ನು ಅಲ್ಲಿನ ಹಳೇ ಜಾಗಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ಗೆ ಬಿಟ್ಟುಹೋದರು. ನನಗೆ ಹಿಡಿಸಿದ್ದು ಎಕರೆ ಲೆಕ್ಕ ಅಲ್ಲ. ಅಲ್ಲಿ ಕುರಿ ಸಾಕಣೆ ನಿಲ್ಲಬಾರದು ಅಂತ ಆಕೆ ಹಟ ಹಿಡಿದರಲ್ಲ, ಅದು.

ಇನ್ನು ಕಾಗದದ ಕೆಲಸ. ಗ್ರಾಮ ನಕ್ಷೆ, ಪಹಣಿ ತೆಗೆಸಿ, ಜಾಗ ಪಂಚಾಯಿತಿಯದೋ ಮುಜರಾಯಿ ದೇವಸ್ಥಾನದ್ದೋ ನೋಡಿ. ಮುಜರಾಯಿದಾದರೆ ಅನುಮತಿ ಇಲ್ಲದೆ ಒಂದು ಕಲ್ಲೂ ಅಲ್ಲಾಡಿಸಬೇಡಿ. ಉದ್ಯೋಗ ಖಾತ್ರಿಯಲ್ಲಿ ಎಷ್ಟೋ ಊರಿನ ಕಲ್ಯಾಣಿಗಳ ಹೂಳು ತೆಗೆದಿದ್ದಾರೆ, ಈಗ ಯಾವ ಯೋಜನೆಯಲ್ಲಿ ಆಗುತ್ತದೆ ಅಂತ ಪಿಡಿಒ ಅವರನ್ನು ಕೇಳಿ, ಗ್ರಾಮಸಭೆಯಲ್ಲಿ ವಿಷಯ ಇಡಿ. ಒಂದು ಎಚ್ಚರಿಕೆ: ಯಾರಾದರೂ ಮೆಟ್ಟಿಲಿಗೆಲ್ಲ ಸಿಮೆಂಟ್ ಬಳಿಯೋಣ ಅಂದರೆ ದಯವಿಟ್ಟು ತಡೆಯಿರಿ. ಆ ಕಲ್ಲಿನ ಸಂದಿಗಳಿಂದಲೇ ನೀರು ಒಸರಬೇಕು. ಮಳೆ ನೀರು ಬರುವ ಹಳೇ ಕಾಲುವೆ ಎಲ್ಲಿ ಮುಚ್ಚಿಹೋಗಿದೆ ಅಂತ ಹುಡುಕಿ, ಅದು ತೆರೆಯದೆ ಹೂಳು ತೆಗೆದರೆ ಸುಮ್ನೆ ಒಣ ಗುಂಡಿ ಸಿಗುತ್ತದೆ.

ಇಷ್ಟಾದ ಮೇಲೆ ಶಾಲೆ ಮಕ್ಕಳನ್ನು ಮೆಟ್ಟಿಲ ಮೇಲೆ ಕೂರಿಸಿ ಆ ಪುಸ್ತಕ ಓದಿ. ನಕ್ಕವರ ಮಕ್ಕಳೂ ಬರ್ತಾರೆ.

ಪ್ರಶ್ನೆ: ಮೈಸೂರಿನ ನಮ್ಮ ಹಳೇ ಮನೆಯಲ್ಲಿ ಒಂದು ಟ್ರಂಕ್ ತುಂಬಾ ಚಂದಮಾಮ ಇವೆ. ಲ್ಯಾಮಿನೇಟ್ ಮಾಡಿಸಿ ಊರಿನ ಗ್ರಂಥಾಲಯಕ್ಕೆ ಕೊಡಲಾ?

ಉತ್ತರ: ಕೊಡಿ, ಲ್ಯಾಮಿನೇಟ್ ಬೇಡವೇ ಬೇಡ. ಒಮ್ಮೆ ಮಾಡಿಸಿದರೆ ಬಿಡಿಸೋಕಾಗಲ್ಲ. ಸೆಲ್ಲೋಟೇಪ್ ಕೂಡ ಹಚ್ಚಬೇಡಿ, ಅಂಟು ಹಳದಿ ಕಲೆ ಮಾಡುತ್ತದೆ. ಮೆತ್ತನೆ ಬ್ರಷ್‌ನಿಂದ ಧೂಳು ಹೊಡೆದು, ವರ್ಷದ ಪ್ರಕಾರ ಜೋಡಿಸಿ, ಹತ್ತಿ ದಾರದಲ್ಲಿ ಸಡಿಲವಾಗಿ ಕಟ್ಟಿ. ಕೊಡುವ ಮೊದಲು ಗ್ರಂಥಾಲಯದ ಗೋಡೆ ಮುಟ್ಟಿ ನೋಡಿ. ತೇವ ಇದ್ದರೆ ನಿಮ್ಮ ಟ್ರಂಕೇ ವಾಸಿ.