ಬೆನೆಡಿಕ್ಟ್ ಅರ್ನಾಲ್ಡ್ ದೇಶಕ್ಕೆ ಮೋಸ ಮಾಡಿದ್ದು ದುಡ್ಡಿಗಾ, ಅವಮಾನಕ್ಕಾ?

ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಅಷ್ಟು ಚೆನ್ನಾಗಿ ಹೋರಾಡಿದ ಜನರಲ್ ಬ್ರಿಟಿಷರ ಕಡೆ ಹೋಗಿದ್ದು ಯಾಕೆ, ದುಡ್ಡಿಗಾ ಅಥವಾ ಅವಮಾನ ತಡ್ಕೊಳ್ಳಕ್ಕಾಗದೆನಾ ಅಂತ ಕೇಳಿದ್ದೀರ. ಅವಮಾನದ ಕಥೆ ಓದಿದವರು ಸುಮಾರಾಗಿ ಅವನ ಪರ ವಾಲಿಬಿಡ್ತಾರೆ, ನಾನೂ ಮೊದಲ ಸಲ ಓದಿದಾಗ ವಾಲಿದ್ದೆ.

ಯಾಕಂದ್ರೆ ಅನ್ಯಾಯ ಆಗಿದ್ದು ನಿಜ. 1775ರಲ್ಲಿ ಸುಮಾರು 1100 ಜನರನ್ನ ಕರ್ಕೊಂಡು ಮೇನ್ ಕಾಡು ದಾಟಿ ಬ್ರಿಟಿಷರ ಕೈಲಿದ್ದ ಕ್ವಿಬೆಕ್‌ಗೆ ಹೊರಟ, ದಾರೀಲಿ ಊಟ ಖಾಲಿಯಾಗಿ ನಾಯಿ ಕೊಂದು ತಿಂದ್ರು, ಶೂ ಚರ್ಮ ಬೇಯಿಸಿ ತಿಂದ್ರು, ಕೊನೆಗೆ ತಲುಪಿದ್ದು 600 ಚಿಲ್ಲರೆ ಜನ. ಅಲ್ಲಿ ಹಿಮ ಸುರಿಯೋವಾಗ ದಾಳಿ ಮಾಡಿ ಸೋತ್ರು, ಇವನ ಎಡಗಾಲಿಗೆ ಗುಂಡು ಬಿತ್ತು. ಇಷ್ಟಾದ ಮೇಲೂ 1777ರಲ್ಲಿ ಕಾಂಗ್ರೆಸ್, ಅಂದ್ರೆ ಅಮೆರಿಕದ ಆಗಿನ ಆಡಳಿತ ಸಭೆ, ಇವನಿಗಿಂತ ಜೂನಿಯರ್ ಆಗಿದ್ದ ಐದು ಜನಕ್ಕೆ ಪ್ರಮೋಷನ್ ಕೊಡ್ತು, ಇವನು ಕೈಯಿಂದ ಹಾಕಿದ ದುಡ್ಡು ಕೇಳಿದ್ರೆ ಲೆಕ್ಕ ತೋರಿಸು ಅಂತು. ಅದೇ ವರ್ಷ ಅಕ್ಟೋಬರ್ 7ಕ್ಕೆ ಸಾರಾಟೋಗಾದಲ್ಲಿ, ಜನರಲ್ ಗೇಟ್ಸ್ ಇವನ ಅಧಿಕಾರ ಕಿತ್ಕೊಂಡಿದ್ರೂ, ಕುದುರೆ ಏರಿ ಯುದ್ಧದ ಮಧ್ಯಕ್ಕೆ ನುಗ್ಗಿದ, ಮತ್ತೆ ಅದೇ ಎಡಗಾಲು ಮುರೀತು. ಹತ್ತು ದಿನಕ್ಕೆ ಬ್ರಿಟಿಷ್ ಜನರಲ್ ಬರ್ಗಾಯ್ನ್ ಶರಣಾದ, ಆ ಗೆಲುವು ನೋಡಿಯೇ ಫ್ರಾನ್ಸ್ ಅಮೆರಿಕದ ಕೈ ಹಿಡಿದಿದ್ದು, ಹೆಸರು ಮಾತ್ರ ಗೇಟ್ಸ್‌ಗೆ.

ನನ್ನ ಮನಸ್ಸು ಬದಲಾಗಿದ್ದು ತಾರೀಖುಗಳನ್ನ ಅಕ್ಕಪಕ್ಕ ಇಟ್ಟು ನೋಡಿದಾಗ. ಫಿಲಡೆಲ್ಫಿಯಾದ ಮಿಲಿಟರಿ ಗವರ್ನರ್ ಆಗಿದ್ದಾಗ ಇವನ ಮೇಲೆ ಅಧಿಕಾರ ದುರುಪಯೋಗದ ಆರೋಪ ಬಂತು, ಸಾಲ ಮಾಡ್ಕೊಂಡು ಜೋರಾಗಿ ಬದುಕ್ತಿದ್ದ. ಬೇಗ ವಿಚಾರಣೆ ಮಾಡಿ, ತಪ್ಪಿದ್ರೆ ಮರಣದಂಡನೆ ಕೊಡಿ ಅಂತ ಅಮೆರಿಕದ ಸೇನಾಧಿಪತಿ ವಾಷಿಂಗ್ಟನ್‌ಗೆ ಕಾಗದ ಬರೆದಿದ್ದು 1779ರ ಮೇ ತಿಂಗಳು. ಬ್ರಿಟಿಷರಿಗೆ ಗುಟ್ಟಾಗಿ ಹೇಳಿ ಕಳಿಸಿದ್ದೂ ಅದೇ ಮೇ! ಆ ವಿಚಾರಣೆ ಮುಗಿದು ವಾಷಿಂಗ್ಟನ್ ಛೀಮಾರಿ ಹಾಕಿದ್ದು 1780ರ ಏಪ್ರಿಲ್‌ನಲ್ಲಿ, ಅಷ್ಟೊತ್ತಿಗೆ ಇವನು ಬ್ರಿಟಿಷರ ಜೊತೆ ವ್ಯಾಪಾರಕ್ಕೆ ಕೂತು ಹೆಚ್ಚುಕಮ್ಮಿ ಒಂದು ವರ್ಷ ಆಗಿತ್ತು. ಛೀಮಾರಿಯಿಂದ ಮನಸ್ಸು ಮುರಿದು ಹೋದ ಅನ್ನೋರು ಇದನ್ನ ನೋಡೋದೇ ಇಲ್ಲ.

ಆಮೇಲೂ ವಾಷಿಂಗ್ಟನ್ ಅವನಿಗೆ ಸೈನ್ಯದ ಎಡಭಾಗದ ನಾಯಕತ್ವ ಕೊಡ್ತೀನಿ ಅಂದ, ಅಂಥ ಗೌರವ. ಇವನು ಕಾಲು ನೋವು ಅಂತ ನೆಪ ಹೇಳಿ ಹಡ್ಸನ್ ನದಿ ಮೇಲಿನ ವೆಸ್ಟ್ ಪಾಯಿಂಟ್ ಕೋಟೆ ಕೇಳಿ ಇಸ್ಕೊಂಡ. ಕೋಟೆ ಜೊತೆಗೆ ಒಳಗಿರೋ 3000 ಸೈನಿಕರನ್ನೂ ಹಿಡಿದು ಕೊಟ್ರೆ 20,000 ಪೌಂಡ್ ಅಂತ ಮಾತಾಗಿತ್ತು. ದೇಶಕ್ಕೋಸ್ಕರ ಮುರ್ಕೊಂಡ ಕಾಲನ್ನೇ ನೆಪ ಮಾಡ್ಕೊಂಡನಲ್ಲ, ಅದು ನನಗೆ ಇವತ್ತಿಗೂ ಅರಗಲ್ಲ.

ಸೆಪ್ಟೆಂಬರ್ 23ಕ್ಕೆ, ಅರ್ನಾಲ್ಡ್‌ನ ಗುಟ್ಟಾಗಿ ನೋಡಿ ವಾಪಸ್ ಹೋಗ್ತಿದ್ದ ಬ್ರಿಟಿಷ್ ಮೇಜರ್ ಆಂಡ್ರೆ ಸಿಕ್ಕಿಬಿದ್ದ, ಕಾಲುಚೀಲದಲ್ಲಿ ಕೋಟೆಯ ಕಾಗದಗಳು. ಹಿಡಿದ ಕಡೆಯ ಅಧಿಕಾರಿ ಏನೂ ಅರಿಯದೆ ಆ ಸುದ್ದೀನ ಅರ್ನಾಲ್ಡ್‌ಗೇ ಕಳಿಸಿದ! 25ರ ಬೆಳಗ್ಗೆ ತಿಂಡಿಗೆ ಕೂತಿದ್ದಾಗ ಚೀಟಿ ಬಂತು, ವಾಷಿಂಗ್ಟನ್ ಇನ್ನೇನು ಆ ಮನೆಗೆ ಬರೋದ್ರಲ್ಲಿದ್ದ. ಮೇಲೆ ಹೋಗಿ ಹೆಂಡತಿ ಪೆಗ್ಗಿಗೆ ಹೇಳಿ, ಹಸುಗೂಸನ್ನೂ ಅವಳನ್ನೂ ಅಲ್ಲೇ ಬಿಟ್ಟು, ನದಿಗೆ ಓಡಿ ದೋಣಿ ಹತ್ತಿ ಬ್ರಿಟಿಷ್ ಹಡಗು ಸೇರ್ಕೊಂಡ. ಗಲ್ಲಿಗೇರಿದ್ದು ಆಂಡ್ರೆ, ಅಕ್ಟೋಬರ್ 2ಕ್ಕೆ. ಕೋಟೆ ಕೈಗೆ ಬರದೇ ಇದ್ದಿದ್ದಕ್ಕೆ ಅರ್ನಾಲ್ಡ್‌ಗೆ ಸಿಕ್ಕಿದ್ದು ಸುಮಾರು 6000 ಪೌಂಡ್, ಬ್ರಿಟಿಷ್ ಬ್ರಿಗೇಡಿಯರ್ ಹುದ್ದೆ.

ದುಡ್ಡಾ ಅವಮಾನಾನಾ ಅಂದ್ರೆ, ಶುರು ಅವಮಾನದಿಂದ ಆಗಿರಬಹುದು, ಆದ್ರೆ ರೇಟ್ ಮಾತಾಡಕ್ಕೆ ಕೂತ ದಿನದಿಂದ ನಾನು ಅದನ್ನ ದುಡ್ಡು ಅಂತಲೇ ಬರ್ಕೋತೀನಿ. ಅವನ ಕೋಪ ಬರೀ ಕಾಂಗ್ರೆಸ್ ಮೇಲಿತ್ತು ಅಂತ ಇನ್ನೂ ಅನ್ನಿಸಿದ್ರೆ 1781ರ ಸೆಪ್ಟೆಂಬರ್ 6 ನೋಡಿ. ಬ್ರಿಟಿಷ್ ಸೈನ್ಯ ಕರ್ಕೊಂಡು ಬಂದು ಅಮೆರಿಕದ ಕನೆಕ್ಟಿಕಟ್‌ನ ನ್ಯೂ ಲಂಡನ್ ಊರಿಗೆ ಬೆಂಕಿ ಹಾಕಿಸಿದ, ನದಿಯಾಚೆ ಗ್ರಿಸ್ವೋಲ್ಡ್ ಕೋಟೇಲಿ ಅವನ ಕೈಕೆಳಗಿನ ಪಡೆ 80ಕ್ಕೂ ಹೆಚ್ಚು ಜನರನ್ನ ಕೊಂದಿತು, ಅದ್ರಲ್ಲಿ ಎಷ್ಟೋ ಜನ ಶರಣಾದ ಮೇಲೆ ಸತ್ತೋರು. ಅವನು ಹುಟ್ಟಿ ಬೆಳೆದ ನಾರ್ವಿಚ್ ಅಲ್ಲಿಂದ ಸುಮಾರು 20 ಕಿಲೋಮೀಟರ್, ಅದೇ ನದಿಯ ಮೇಲ್ಗಡೆ.