ಓದುಗರ ಪ್ರಶ್ನೆ, ತಜ್ಞರ ಉತ್ತರ: ಬಿದ್ದ ಸಂಗಾತಿಯನ್ನು ಕ್ಲೆರಿಕ್ ಎಬ್ಬಿಸಬೇಕೇ, ಕಾಯಬೇಕೇ?

ತುಮಕೂರಿನಲ್ಲಿ ದಾಳ ಉರುಳಿಸಿ ಪಾತ್ರ ವಹಿಸುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ ನಡೆಸುವ ನನಗೆ ಸುತ್ತಲಿನ ಊರುಗಳಿಂದ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಕ್ಲೆರಿಕ್ (ದೈವಬಲದಿಂದ ಮಂತ್ರ ಹಾಕುವ ಪುರೋಹಿತ) ಪಾತ್ರಕ್ಕೆ ಸಂಬಂಧಿಸಿದವು, ಅವುಗಳಲ್ಲೂ ಹೆಚ್ಚಿನವು ಒಂದೇ ಪ್ರಶ್ನೆಯ ಬೇರೆ ಬೇರೆ ರೂಪಗಳು. ಅದಕ್ಕೆ ಒಮ್ಮೆ ಪೂರ್ತಿಯಾಗಿ ಉತ್ತರಿಸಿ ಮುಗಿಸುವ ಉದ್ದೇಶದಿಂದ ಇದನ್ನು ಬರೆಯುತ್ತಿದ್ದೇನೆ. ಡೆತ್ ಸೇವ್ ಎಂದರೆ ಜೀವಬಲ ಸೊನ್ನೆಗಿಳಿದು ಬಿದ್ದವನು ತನ್ನ ಪ್ರತಿ ಸರದಿಯಲ್ಲಿ ಉರುಳಿಸುವ ದಾಳ, ಮೂರು ಸೋಲಾದರೆ ಸಾವು; ಬೋನಸ್ ಆಕ್ಷನ್ ಎಂದರೆ ಸರದಿಯಲ್ಲಿ ಮುಖ್ಯ ಆಕ್ಷನ್ ಜೊತೆಗೆ ಮಾಡಬಹುದಾದ ಒಂದು ಚುಟುಕು ಕೆಲಸ; ಉಳಿದ ವಿವರವನ್ನು ನಿಯಮಪುಸ್ತಕದಲ್ಲಿಯೇ ಓದಿಕೊಳ್ಳಿ. ಲೆಕ್ಕಗಳೆಲ್ಲ 2014ರ ನಿಯಮಗಳಿಗೆ ಹೊಂದಿಕೊಂಡಿವೆ. 2024ರ ಪರಿಷ್ಕರಣೆಯಲ್ಲಿ ಬದಲಾದದ್ದನ್ನು ಅಗತ್ಯವಿದ್ದಲ್ಲಿ ಸೂಚಿಸಿದ್ದೇನೆ.

ಪ್ರಶ್ನೆ: ನನ್ನದು ಮೂರನೇ ಹಂತದ ಕ್ಲೆರಿಕ್. ಕಳೆದ ಆಟದಲ್ಲಿ ನಮ್ಮ ಫೈಟರ್ ಓಗರ್ ಎಂಬ ದೈತ್ಯನ ಹೊಡೆತಕ್ಕೆ ಬಿದ್ದಾಗ ನಾನು ಹೀಲಿಂಗ್ ವರ್ಡ್ (ಗುಣಪಡಿಸುವ ಮಂತ್ರ) ಹಾಕಿ ಎಬ್ಬಿಸಿದೆ, ಮರುಕ್ಷಣವೇ ಅವನು ಮತ್ತೆ ಬಿದ್ದ. ಸ್ಯಾಂಕ್ಚುಯರಿ (ದಾಳಿಯನ್ನು ತಡೆಯುವ ರಕ್ಷಣಾ ಮಂತ್ರ) ಹಾಕಿ ಅವನನ್ನು ಬಿದ್ದಲ್ಲೇ ಕಾಯಬೇಕಿತ್ತೆಂದು ಗೆಳೆಯರು ಬೈಯುತ್ತಿದ್ದಾರೆ. ಯಾವುದು ಸರಿ? (ಶಿರಾದ ಓದುಗರು)

ಉತ್ತರ: ನೀವು ಮಾಡಿದ್ದೇ ಸರಿ. ನಿಮ್ಮ ಗೆಳೆಯರು ಯಾವುದೋ ವಿಡಿಯೊ ನೋಡಿ ಬಂದು ಬೈಯುತ್ತಿದ್ದಾರೆಂದು ನನ್ನ ಊಹೆ. ‘ಬಿದ್ದವನಿಗೆ ಸದಾ ಸ್ಯಾಂಕ್ಚುಯರಿ’ ಎಂದು ಒಂದೇ ಮದ್ದನ್ನು ಎಲ್ಲ ರೋಗಕ್ಕೂ ಬರೆದುಕೊಡುವ ಪಂಡಿತರು ಸರದಿಯ ಪಟ್ಟಿಯನ್ನು ನೋಡುವುದೇ ಇಲ್ಲ. ಆದರೆ ಉತ್ತರ ಇರುವುದು ಅಲ್ಲಿಯೇ. ನಿಮ್ಮ ಸರದಿಗೂ ಬಿದ್ದವನ ಮುಂದಿನ ಸರದಿಗೂ ನಡುವೆ ಅವನ ಮೇಲೆ ಎಷ್ಟು ಹೊಡೆತಗಳು ಬೀಳಬಹುದು ಎಂಬುದೊಂದನ್ನೇ ಮೊದಲು ಎಣಿಸಬೇಕು.

ಎರಡೂ ಮಂತ್ರಗಳು ಮೊದಲ ಹಂತದ ಸ್ಲಾಟನ್ನೂ (ಮಂತ್ರ ಹಾಕಲು ಇಷ್ಟೇ ಬಾರಿ ಎಂದು ಸಿಗುವ ಅವಕಾಶ) ಬೋನಸ್ ಆಕ್ಷನ್ನನ್ನೂ ಕೇಳುತ್ತವೆ, ಹಾಗಾಗಿ ಒಂದೇ ಸರದಿಯಲ್ಲಿ ಎರಡನ್ನೂ ಹಾಕಲಾಗದು. ಹೀಲಿಂಗ್ ವರ್ಡ್ 60 ಅಡಿ ದೂರದಿಂದಲೇ ತಲುಪುತ್ತದೆ, ಆದರೆ ನಿಮ್ಮ ವಿಸ್‌ಡಮ್ (ವಿವೇಕದ ಅಂಕ) 16 ಎಂದಿಟ್ಟುಕೊಂಡರೆ ಅದು ಕೊಡುವುದು 4ರಿಂದ 7 ಹಿಟ್ ಪಾಯಿಂಟ್ (ಜೀವಬಲದ ಅಂಕ) ಮಾತ್ರ. ಓಗರ್‌ನ ದೊಣ್ಣೆ ಸರಾಸರಿ 13 ಕಳೆಯುತ್ತದೆ. ಈ ಅಂಕಿಗಳನ್ನು ನೋಡಿಯೇ ನಿಮ್ಮ ಗೆಳೆಯರು ಸ್ಲಾಟ್ ವ್ಯರ್ಥವಾಯಿತೆಂದು ತೀರ್ಮಾನಿಸಿರಬೇಕು. ಅವರು ಮರೆತದ್ದೇನೆಂದರೆ, ಎಚ್ಚರವಿರುವವನ ಮೇಲೆ ಬಿದ್ದ ಹೊಡೆತ ಅವನನ್ನು ಮತ್ತೆ ಸೊನ್ನೆಗೆ ಇಳಿಸುತ್ತದೆಯೇ ಹೊರತು ಡೆತ್ ಸೇವ್‌ನ ಸೋಲನ್ನು ಬರೆಯುವುದಿಲ್ಲ. ಮೇಲಾಗಿ, ಒಂದೇ ಒಂದು ಹಿಟ್ ಪಾಯಿಂಟ್ ಮರಳಿದರೂ ಅದುವರೆಗಿನ ಸೋಲುಗಳೆಲ್ಲ ಅಳಿಸಿಹೋಗುತ್ತವೆ. ಪ್ರಜ್ಞೆ ಇಲ್ಲದವನ ಸ್ಥಿತಿ ಬೇರೆ. ಐದು ಅಡಿಯೊಳಗಿನಿಂದ ಅವನಿಗೆ ತಗುಲಿದ ಪ್ರತಿ ಹೊಡೆತವೂ ತಾನಾಗಿಯೇ ಕ್ರಿಟಿಕಲ್ (ಅತಿ ಬಲದ ಏಟು) ಆಗುತ್ತದೆ, ಒಂದೇ ಏಟಿಗೆ ಎರಡು ಸೋಲು ಬರೆಯುತ್ತದೆ.

ಈಗ ನಿಮ್ಮ ಫೈಟರ್‌ನನ್ನೇ ತೆಗೆದುಕೊಳ್ಳೋಣ: ಚೈನ್ ಮೇಲ್ ಕವಚ ಮತ್ತು ಗುರಾಣಿ ಸೇರಿ ಆರ್ಮರ್ ಕ್ಲಾಸ್ (ಹೊಡೆತ ತಗಲಲು ಶತ್ರು ಮುಟ್ಟಬೇಕಾದ ಅಂಕ) 18, ಗರಿಷ್ಠ ಹಿಟ್ ಪಾಯಿಂಟ್ 28. ಬಿದ್ದವನ ಮೇಲೆ ಅಡ್ವಾಂಟೇಜ್ (ಎರಡು ದಾಳ ಉರುಳಿಸಿ ದೊಡ್ಡದನ್ನು ಉಳಿಸಿಕೊಳ್ಳುವ ಅನುಕೂಲ) ಪಡೆದು ಹೊಡೆಯುವ ಓಗರ್ ಗುರಿ ಮುಟ್ಟುವ ಸಾಧ್ಯತೆ ಶೇ 70. ನಿಮ್ಮ ಸ್ಯಾಂಕ್ಚುಯರಿಯನ್ನು ಮೀರಲು ಅದು ವಿಸ್‌ಡಮ್ ಸೇವ್‌ನಲ್ಲಿ (ಮಂತ್ರವನ್ನು ಮೀರಲು ಉರುಳಿಸುವ ದಾಳದಲ್ಲಿ) 13 ಮುಟ್ಟಬೇಕು. ಅದರ ವಿಸ್‌ಡಮ್ ಕೇವಲ 7 ಆಗಿ ಎರಡು ಅಂಕ ಕಡಿತವಾಗುವುದರಿಂದ ಇಪ್ಪತ್ತು ಮುಖದ ದಾಳದಲ್ಲಿ 15 ಅಥವಾ ಹೆಚ್ಚು ಬೀಳಬೇಕು, ಎಂದರೆ ಶೇ 30. ಎರಡನ್ನೂ ಗುಣಿಸಿದರೆ ಹೊಡೆತ ತಗಲುವ ಸಾಧ್ಯತೆ ಶೇ 21ಕ್ಕೆ ಇಳಿಯುತ್ತದೆ. ಕೇಳಲು ಚೆನ್ನಾಗಿದೆ, ಆದರೆ ಆ 21ರಲ್ಲಿ ಒಂದು ಬಿದ್ದರೆ ಎರಡು ಸೋಲು ಖಚಿತ, ಮುಂದಿನ ಡೆತ್ ಸೇವ್‌ನಲ್ಲಿ 9 ಅಥವಾ ಕಡಿಮೆ ಬಿದ್ದರೆ ಸಾವು. ಹೀಲಿಂಗ್ ವರ್ಡ್ ಹಾಕಿದ್ದರೆ ಅದೇ ಒಂದು ಹೊಡೆತದಿಂದ ಅವನು ಸಾಯುವ ಸಾಧ್ಯತೆ ಇಲ್ಲವೆಂದೇ ಹೇಳಬಹುದು. ಹಾಗಾಗಿ ನಡುವೆ ಹೊಡೆತವೇ ಇಲ್ಲದಿದ್ದರೆ ಅಥವಾ ಒಂದೇ ಇದ್ದರೆ ಎಬ್ಬಿಸಿ. ಹೊಡೆತವೇ ಇಲ್ಲದಿದ್ದಾಗ ಅವನ ಪೂರ್ತಿ ಸರದಿಯೂ ಉಳಿಯುತ್ತದೆ; ಅರ್ಧ ನಡಿಗೆ ಖರ್ಚು ಮಾಡಿ ಎದ್ದು ನಿಂತು ಹೊಡೆಯಬಹುದು.

ನಡುವೆ ಎರಡು ಹೊಡೆತಗಳಿದ್ದರೆ ಎರಡು ದಾರಿಗಳೂ ಹೆಚ್ಚುಕಡಿಮೆ ಸಮ. ಮೂರಾದರೆ ಲೆಕ್ಕ ತಿರುಗುತ್ತದೆ: ಎಬ್ಬಿಸಿದರೆ ಮೊದಲ ಏಟು ಅವನನ್ನು ಕೆಡವುತ್ತದೆ, ಉಳಿದೆರಡೂ ತಗುಲಿದರೆ ನಾಲ್ಕು ಸೋಲಾಗಿ ಅಲ್ಲಿಗೆ ಮುಗಿಯಿತು. ಮೂರು ಓಗರ್‌ಗಳೂ ಅವನನ್ನೇ ಗುರಿಯಾಗಿಸಿಕೊಂಡರೆ ಮುಂದಿನ ಡೆತ್ ಸೇವ್ ಮುಗಿಯುವಷ್ಟರಲ್ಲಿ ಸಾಯುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಇಂಥ ಸಂದರ್ಭದಲ್ಲಿ ಬೋನಸ್ ಆಕ್ಷನ್‌ನಲ್ಲಿ ಸ್ಯಾಂಕ್ಚುಯರಿ ಹಾಕಿ, ಆಕ್ಷನ್‌ನಲ್ಲಿ ಸ್ಪೇರ್ ದಿ ಡೈಯಿಂಗ್ ಬಳಸಿ. ಎರಡನೆಯದು ಕ್ಯಾಂಟ್ರಿಪ್ (ಸ್ಲಾಟ್ ಬೇಡದ ಕಿರುಮಂತ್ರ) ಆದ್ದರಿಂದ ಒಂದೇ ಸರದಿಯಲ್ಲಿ ಎರಡನ್ನೂ ಹಾಕಲು ನಿಯಮದ ಅಡ್ಡಿಯಿಲ್ಲ. ಅದು ಹಳೆಯ ಸೋಲುಗಳನ್ನೂ ಅಳಿಸಿ ಅವನನ್ನು ಸ್ಥಿರಗೊಳಿಸುತ್ತದೆ. ಈ ಜೋಡಿಯಿಂದ ಸಾಯುವ ಸಾಧ್ಯತೆ ಮೂರರಲ್ಲೊಂದಕ್ಕಿಂತ ಕೆಳಗಿಳಿಯುತ್ತದೆ. ಸ್ಯಾಂಕ್ಚುಯರಿಗೆ ಏಕಾಗ್ರತೆ ಬೇಕಿಲ್ಲ, ಒಂದು ನಿಮಿಷ ನಿಲ್ಲುತ್ತದೆ, ಪ್ರಜ್ಞೆಯಿಲ್ಲದವನು ಯಾರನ್ನೂ ಹೊಡೆಯುವುದಿಲ್ಲವಾದ್ದರಿಂದ ಅವನಿಂದಾಗಿ ಮುರಿಯುವುದೂ ಇಲ್ಲ.

ಆದರೆ ಎರಡು ಅಪಾಯಗಳನ್ನು ಮರೆಯಬೇಡಿ. ಸ್ಯಾಂಕ್ಚುಯರಿ ಫೈರ್‌ಬಾಲ್‌ನಂಥ ಪ್ರದೇಶ ವ್ಯಾಪಿಸುವ ದಾಳಿಯನ್ನು ತಡೆಯುವುದಿಲ್ಲ. ಸೇವ್ ಸೋತ ಶತ್ರು ಬೇರೆ ಗುರಿಯನ್ನು ಆರಿಸಿಕೊಳ್ಳಬಹುದು, ಮತ್ತು 2014ರ ನಿಯಮದಲ್ಲಿ ಸ್ಪೇರ್ ದಿ ಡೈಯಿಂಗ್‌ಗೆ ಮುಟ್ಟಬೇಕಾದ್ದರಿಂದ ಆಗ ಪಕ್ಕದಲ್ಲಿ ನಿಂತಿರುವವರು ನೀವೇ. 2024ರಲ್ಲಿ ಅದರ ವ್ಯಾಪ್ತಿ 15 ಅಡಿ, ಹೀಲಿಂಗ್ ವರ್ಡ್ ಕೂಡ ಎರಡು ದಾಳಗಳಷ್ಟು ಗುಣಪಡಿಸುತ್ತದೆ. ಹೊಸ ಪುಸ್ತಕದಲ್ಲಿ ಆಡುವವರು ಇಷ್ಟು ಹೆದರಬೇಕಾಗಿಲ್ಲ. ನಾನಾದರೋ ಕ್ಲೆರಿಕ್ಕೇ ಬೀಳುವ ಸಂಭವವಿದ್ದರೆ ಹತ್ತಿರ ಹೋಗುವುದಿಲ್ಲ. ಇದನ್ನು ಹೇಡಿತನವೆಂದು ಕರೆಯುವವರು ಕ್ಲೆರಿಕ್ ಇಲ್ಲದ ತಂಡದಲ್ಲಿ ಒಂದು ಸಂಜೆ ಆಡಿ ನೋಡಲಿ.

ಪ್ರಶ್ನೆ: ಬಿದ್ದವನಿಗೆ ಕಿವಿ ಕೇಳಿಸುವುದಿಲ್ಲವಾದ್ದರಿಂದ ಹೀಲಿಂಗ್ ವರ್ಡ್ ನಾಟುವುದಿಲ್ಲ ಎಂದು ನಮ್ಮ ಡಿಎಂ (ಆಟ ನಡೆಸುವವರು) ಹೇಳುತ್ತಾರೆ. (ಚಿಂತಾಮಣಿ)

ಉತ್ತರ: ಅವನು ಕೇಳಿಸಿಕೊಳ್ಳಬೇಕಾಗಿಲ್ಲ, ನೀವು ಅವನನ್ನು ಕಾಣಬೇಕು ಮತ್ತು ನಿಮ್ಮ ಬಾಯಿಂದ ಮಾತು ಹೊರಡಬೇಕು, ಅಷ್ಟೇ, ಸೈಲೆನ್ಸ್ ಮಂತ್ರದೊಳಗೆ ಸಿಕ್ಕಿಬಿದ್ದಾಗ ಮಾತ್ರ ಡಿಎಂ ಮಾತು ನಿಜವಾಗುತ್ತದೆ, ಅದೂ ಬೇರೆ ಕಾರಣಕ್ಕೆ.

ಪ್ರಶ್ನೆ: ದಾಳವನ್ನು ಉಪ್ಪುನೀರಿನಲ್ಲಿ ತೇಲಿಸಿ ಪರೀಕ್ಷಿಸಿ ತಂದರೆ ಡೆತ್ ಸೇವ್ ಚೆನ್ನಾಗಿ ಬೀಳುತ್ತದೆಯೇ? (ತಿಪಟೂರು)

ಉತ್ತರ: ಇಲ್ಲ, ಉಪ್ಪನ್ನು ಸಾರಿಗೆ ಹಾಕಿ.

ಪ್ರಶ್ನೆ: ನಮ್ಮ ರೋಗ್ (ಕಳ್ಳಿಯ ಪಾತ್ರ) ಸತ್ತುಹೋದಳು. ರಿವಿವಿಫೈ (ಸತ್ತವರನ್ನು ಬದುಕಿಸುವ ಮಂತ್ರ) ಗೊತ್ತಿದೆ, ವಜ್ರ ಇಲ್ಲ. ಪೇಟೆಗೆ ಹೋಗಿ ತರಬಹುದೇ? (ಬಂಗಾರಪೇಟೆ)

ಉತ್ತರ: ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸವಿದು. ಸತ್ತು ಒಂದು ನಿಮಿಷದೊಳಗೆ, ಎಂದರೆ ಹತ್ತು ಸುತ್ತಿನೊಳಗೆ, 300 ಚಿನ್ನದ ನಾಣ್ಯ ಬೆಲೆಯ ವಜ್ರ ಕೈಯಲ್ಲಿರಬೇಕು, ಮತ್ತು ಅದು ಮಂತ್ರದೊಂದಿಗೇ ಖರ್ಚಾಗುತ್ತದೆ. ಐದನೇ ಹಂತ ಮುಟ್ಟಿದ ದಿನವೇ ಎರಡು ಕೊಂಡಿಟ್ಟುಕೊಳ್ಳಿ. ಹೊಸ ಕತ್ತಿ ಆಮೇಲೆ. ಏಳನೇ ಹಂತಕ್ಕೆ ಬಂದ ಮೇಲೆ ಡೆತ್ ವಾರ್ಡ್ ಅನ್ನು ಬೆಳಿಗ್ಗೆಯೇ ಮುಂಚೂಣಿಯವನ ಮೇಲೆ ಹಾಕಿಡಿ. ಎಂಟು ಗಂಟೆಯೊಳಗೆ ಮೊದಲ ಬಾರಿ ಸೊನ್ನೆಗೆ ಇಳಿಯಬೇಕಾದಾಗ ಅವನು ಒಂದರಲ್ಲೇ ನಿಲ್ಲುತ್ತಾನೆ.

ಪ್ರಶ್ನೆ: ಬಿದ್ದವನನ್ನು ಡಿಎಂ ಮತ್ತೆ ಹೊಡೆಸುವುದು ಅನ್ಯಾಯವಲ್ಲವೇ? (ಚಿಕ್ಕಬಳ್ಳಾಪುರ)

ಉತ್ತರ: ಅನ್ಯಾಯವಲ್ಲ, ಆದರೆ ಮುನ್ಸೂಚನೆ ಕೊಡದೆ ಮಾಡಿದರೆ ಅಸಭ್ಯತೆ. ಹಸಿದ ಗೂಲ್ (ಹೆಣ ತಿನ್ನುವ ಪಿಶಾಚಿ) ಬಿದ್ದವನನ್ನು ಬಿಡುವುದಿಲ್ಲ. ಕ್ಲೆರಿಕ್ ಸತ್ತವರಂತೆ ಬಿದ್ದವರನ್ನು ಎಬ್ಬಿಸುವುದನ್ನು ಒಮ್ಮೆ ಕಣ್ಣಾರೆ ಕಂಡ ದರೋಡೆಕೋರರ ನಾಯಕ ಎರಡನೇ ಬಾರಿ ಬಿಡಲಾರ. ಎದುರಿಗೆ ಇನ್ನೊಬ್ಬ ಕತ್ತಿ ಬೀಸುತ್ತಿರುವಾಗ ಹೆದರಿದ ಗಾಬ್ಲಿನ್ ಮಾತ್ರ ನೆಲದ ಮೇಲಿರುವವನ ಗೊಡವೆಗೆ ಹೋಗುವುದಿಲ್ಲ. ನಿಮ್ಮ ಡಿಎಂ ಇವುಗಳಲ್ಲಿ ಯಾವುದನ್ನು ಹೇಗೆ ಆಡಿಸುತ್ತಾರೆಂದು ಪಾತ್ರ ಬರೆಯುವ ಮೊದಲೇ ಕೇಳಿಕೊಳ್ಳಿ, ಏಕೆಂದರೆ ಸ್ಯಾಂಕ್ಚುಯರಿಯನ್ನು ಆ ದಿನದ ಪಟ್ಟಿಯಲ್ಲಿ ಸೇರಿಸಬೇಕೇ ಬೇಡವೇ ಎಂಬುದು ಆ ಉತ್ತರದ ಮೇಲೆಯೇ ನಿಂತಿದೆ.